ದೊಡ್ಡವ್ವನ ಡಬ್ಬಿ, ಗವಿಯ ಹುಲಿ

ಮಗಳು ಗೆಳತಿಯರೊಂದಿಗೆ ದಾಳ ಉರುಳಿಸುತ್ತ ಅದೇನೋ ಕಥೆಯಾಟ ಆಡುತ್ತಿದ್ದಾಳೆ. ಕಥೆ ಹೇಳುವವಳು ಅವಳೇ; ಅಪಾಯ ಬಂದಾಗಲೆಲ್ಲ ಮೊಬೈಲಿನಲ್ಲಿ ನಗಾರಿ ಮೊಳಗಿಸುತ್ತಾಳೆ. ನನಗೆ ಬ್ಯಾಡಗಿಯ ದೊಡ್ಡವ್ವ ನೆನಪಾದಳು.

ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ದೊಡ್ಡವ್ವ ಕಾಡಿನ ಕಥೆ ಹೇಳುತ್ತಿದ್ದಳು. ಎತ್ತ ಹೋಗಬೇಕೆಂದು ಮಕ್ಕಳಾದ ನಾವು ಹೇಳಬೇಕು. ಸೋಲು ಗೆಲುವು ಕವಡೆಗೆ ಬಿಟ್ಟದ್ದು. ಹುಲಿ ಹತ್ತಿರವಿದ್ದರೆ ಅವಳ ಬೆರಳು ಖಾಲಿ ಡಬ್ಬಿಯ ಮೇಲೆ ಜೋರಾಗಿ ಕುಣಿಯುತ್ತಿತ್ತು. ಆ ಗುಟ್ಟು ಹಿಡಿದ ಮೇಲೆ ನಾನು ಹುಲಿಯ ಕಡೆ ಹೋಗುವುದನ್ನೇ ಬಿಟ್ಟೆ.

ಒಂದು ದಿನ ಡಬ್ಬಿ ಜೋಗುಳದಂತೆ ಮೆಲ್ಲಗೆ ನುಡಿಯುತ್ತಿತ್ತು. ಧೈರ್ಯವಾಗಿ ಗವಿ ಹೊಕ್ಕೆ. ಹುಲಿ ತಿಂದೇಬಿಟ್ಟಿತು.

“ದೊಡ್ಡವ್ವಾ, ನೀ ಡಬ್ಬಿ ಜೋರ ಬಡೀಲೇ ಇಲ್ಲಲ್ಲ!”

“ಹುಚ್ಚಿ, ಹುಲಿ ಡಬ್ಬಿ ಬಡಕೋತ ಬರತೈತೇನ?”

ಈಗ ಮಗಳ ಮೊಬೈಲಿನಲ್ಲಿ ಇಂಪಾದ ಕೊಳಲು. ಹುಡುಗಿಯರು ನಗುತ್ತ ಕಥೆಯೊಳಗಿನ ಬಾಗಿಲು ತೆರೆಯುತ್ತಿದ್ದಾರೆ. ಅಡುಗೆಮನೆಯಲ್ಲಿ ನಾನೊಬ್ಬಳೇ ಉಸಿರು ಹಿಡಿದು ನಿಂತಿದ್ದೇನೆ.