ಪರದೆಯ ಹಿಂದಿನ ಎಡಗೈ

ಡೀಸೆಲ್ ಜನರೇಟರಿನ ಹೊಗೆ ಮೂಗಿಗೆ ಬಡಿದರೆ ನನಗೆ ಈಗಲೂ ಕುದುರೆಗಳು ಕಾಣುತ್ತವೆ. ಹೋದ ವಾರ ಗೋವಾದ ಪರ್ವರಿಯ ನಮ್ಮ ಕಟ್ಟಡದಲ್ಲಿ ಸಂಜೆ ಕರೆಂಟು ಹೋಗಿ ಜನರೇಟರ್ ಶುರುವಾದಾಗ ಹಾಗೇ ಆಯಿತು. ತಾರಸಿಯಲ್ಲಿ ಮೂರನೇ ಮಹಡಿಯ ನಿವೃತ್ತ ಸಾಹೇಬರು ಬಿಳಿ ಬಟ್ಟೆಯ ಪರದೆ ಕಟ್ಟಿಸಿ, ತಲೆಗೊಂದು ಅಗಲ ಅಂಚಿನ ಟೋಪಿ ಏರಿಸಿಕೊಂಡು, ಸಾಯುವ ಮೊದಲು ನೋಡಲೇಬೇಕಾದ ಹಳೆಯ ಕೌಬಾಯ್ ಸಿನಿಮಾಗಳು ಯಾವುವೆಂದು ನಮಗೆಲ್ಲ ಉಪದೇಶ ಮಾಡುತ್ತಿದ್ದರು. ಆ ಸಿನಿಮಾಗಳಲ್ಲಿ ಮೌನ ಎಷ್ಟು ಆಳವಾಗಿದೆಯೆಂದು ಕಣ್ಣು ಮುಚ್ಚಿಕೊಂಡು ಮಾತಾಡುವ ಇಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅವುಗಳ ಹಣೆಬರಹ ನನಗೆ ಚಿಕ್ಕಂದಿನಿಂದ ಗೊತ್ತು.

ಉಸಗಾಂವದ ಗಣಿಯಲ್ಲಿ ನಮ್ಮವರು ಕೂಲಿಗಿದ್ದಾಗ ಗುತ್ತಿಗೆದಾರ ಹಬ್ಬಕ್ಕೊಮ್ಮೆ ಅಗ್ಗಕ್ಕೆ ಸಿಕ್ಕ ಇಂಗ್ಲಿಷ್ ರೀಲು ತರಿಸಿ, ನಮ್ಮ ತಗಡಿನ ಶೆಡ್ಡುಗಳ ನಡುವೆ ಡೀಸೆಲ್ ಜನರೇಟರ್ ಹಚ್ಚಿ ತೋರಿಸುತ್ತಿದ್ದ. ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ತಿಳಿಯುವಂಥದ್ದು ಅದರಲ್ಲಿ ಇರಲೂ ಇಲ್ಲ. ಒಬ್ಬ ಧೂಳೆಬ್ಬಿಸಿಕೊಂಡು ಬರುತ್ತಾನೆ, ನಾಲ್ಕು ಜನರನ್ನು ಕೊಲ್ಲುತ್ತಾನೆ, ಧೂಳೆಬ್ಬಿಸಿಕೊಂಡು ಹೋಗುತ್ತಾನೆ. ಅವನು ಕುದುರೆಗೆ ಹುಲ್ಲು ಹಾಕಿದ್ದನ್ನಾಗಲಿ ತನ್ನ ಬಟ್ಟೆ ಒಗೆದದ್ದನ್ನಾಗಲಿ ನಾನು ಕಾಣೆ. ಧೂಳಂತೂ ನಮ್ಮ ಅನ್ನದಲ್ಲೇ ಇತ್ತು, ಪರದೆಯ ಮೇಲೆ ನೋಡುವ ಅಗತ್ಯವಿರಲಿಲ್ಲ. ಗಂಡಸರು ಪರದೆಯ ಮುಂದೆ, ಹೆಂಗಸರು ಮಕ್ಕಳು ಹಿಂದೆ ಕೂರಬೇಕೆಂಬುದು ಅಲ್ಲಿಯ ಕಟ್ಟಳೆ. ಹಿಂದಿನಿಂದ ನೋಡಿದರೆ ಬಲ ಎಡವಾಗಿ ಕಾಣುತ್ತದೆ. ಹಾಗಾಗಿ ನಮ್ಮ ಪಾಲಿಗೆ ಬಂದ ಹೀರೋಗಳೆಲ್ಲ ಎಡಗೈಯವರು.

ಅವ್ವ ಎಡಚಿ, ನಾನೂ ಹಾಗೇ. ಅವ್ವ ಎಡಗೈಯಲ್ಲಿ ತಟ್ಟಿದ ರೊಟ್ಟಿಯನ್ನು ಅಪ್ಪನ ತಾಯಿ, ನನ್ನ ಅಜ್ಜಿ, ಮುಟ್ಟುತ್ತಿರಲಿಲ್ಲ. ನಾನು ಬರೆಯಲೆಂದು ಪಾಟಿ ಹಿಡಿದು ಕೂತರೆ ನನ್ನ ಎಡಗೈಯನ್ನು ಹಳೆಯ ಸೀರೆಯ ಚೂರಿನಿಂದ ಸೊಂಟಕ್ಕೆ ಬಿಗಿಯುತ್ತಿದ್ದಳು. ಕಲ್ಲು ಮನಸ್ಸಿನ ಹೆಂಗಸು. ಸತ್ತುಹೋದಳೆಂದು ಈಗ ಹೊಗಳಲಾರೆ. ಒಂದು ದೀಪಾವಳಿಗೆ ಸಿನಿಮಾ ನೋಡಿದ ಮರುದಿನ ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ಆ ಕಟ್ಟು ಬಿಚ್ಚಿದಳು. ಅಜ್ಜಿ ಬೈಯತೊಡಗಿದಾಗ ಅವ್ವ ದನಿ ಏರಿಸದೆ ಹೇಳಿದಳು:

"ನಿನ್ನಿ ನೀವೂ ನೋಡೀರಲ್ಲ ಅತ್ತಿ. ಅಂವಾ ಎಡಗೈಲೇ ಊರ ಉಳಿಸಿದ. ನನ್ನ ಮಗಳು ಎಡಗೈಲೇ ಪಾಟಿ ಬರದ್ರ ಏನಾಕ್ಕೈತ್ರಿ?"

ಅಜ್ಜಿಯೂ ಪರದೆಯ ಹಿಂದೆಯೇ ಕೂತು ನೋಡಿದವಳು. ನನ್ನ ಕೈಯನ್ನು ಮತ್ತೆ ಯಾರೂ ಕಟ್ಟಲಿಲ್ಲ. ಆಮೇಲೆ ಗಣಿ ನಿಂತಿತು, ಶೆಡ್ಡುಗಳು ಹೋದವು. ಅವ್ವನೂ ಹೋದಳು, ಆ ಹೀರೋ ಎಡಚನೆಂದೇ ನಂಬಿಕೊಂಡು.

ತಾರಸಿಯ ಪರದೆಯ ಮೇಲೆ ಸಾಹೇಬರ ಹೀರೋ ಬಲಗೈಯಿಂದ ಪಿಸ್ತೂಲು ಎಳೆದ. ಗೊತ್ತಿದ್ದ ವಿಷಯವೇ, ಆದರೂ ನೋಡುತ್ತ ಕೂರಲಾಗಲಿಲ್ಲ. ಕುರ್ಚಿ ಎತ್ತಿಕೊಂಡು ಪರದೆಯ ಹಿಂದೆ ಹೋದೆ. ಅಲ್ಲಿಂದ ಎಲ್ಲ ಉಲ್ಟಾ ಕಾಣುತ್ತದೆಂದು ಸಾಹೇಬರು ಕನಿಕರದಿಂದ ತಿಳಿಸಿದರು. ಅವರಿಗೆ ಹೇಳಿ ಉಪಯೋಗವಿಲ್ಲ, ನಿಮಗೆ ಹೇಳುತ್ತೇನೆ. ಕೌಬಾಯ್ ಸಿನಿಮಾ ನೋಡಲೇಬೇಕೆಂದಿದ್ದರೆ ಯಾವುದನ್ನಾದರೂ ನೋಡಿ, ಎಲ್ಲವೂ ಒಂದೇ ಕಸ. ಆದರೆ ಪರದೆಯ ಹಿಂದೆ ಕೂತು ನೋಡಿ. ಆ ಸಂಜೆಯೂ ಅಲ್ಲಿ ಅವನು ಎಡಗೈಯಿಂದಲೇ ಊರು ಉಳಿಸುತ್ತಿದ್ದ. ನನ್ನ ಪಕ್ಕದಲ್ಲಿ ಮಾತ್ರ ಯಾರೂ ಇರಲಿಲ್ಲ.