ಹಿಟ್ಟಿನ ಮೇಲೆ ಬರೆದ ಊರು

ನಾನು ತೆಲುಗು ಕಲಿತದ್ದು ಜನರ ನಗೆಗೆ ಈಡಾಗಿ. ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಓದಿ ತೆಲುಗು ಸೀಮೆಯ ಮಕ್ತಲ್‌ನ ಕಿರಾಣಿ ಅಂಗಡಿಗೆ ಸೇರಿದ್ದೆ. ತಪ್ಪು ಮಾತಾಡಿದಾಗ ಗಿರಾಕಿಗಳು ನಕ್ಕು ತಿದ್ದುತ್ತಿದ್ದರು. ಮತ್ತೆ ಆ ತಪ್ಪು ಆಗುತ್ತಿರಲಿಲ್ಲ. ಯಾರಿಗೇ ಆಗಲಿ, ನಗುವಿಗಿಂತ ಒಳ್ಳೆಯ ಮೇಷ್ಟ್ರು ಇಲ್ಲವೆಂದು ನಂಬಿದ್ದೆ.

ನನ್ನ ಹೆಂಡತಿ ಪರರನ್ನು ದಾರಿ ಕೂಡ ಕೇಳುವವಳಲ್ಲ. ಅವಳ ಅಕ್ಕನನ್ನು ಗದ್ವಾಲಿಗೆ ಕೊಟ್ಟಿದ್ದರು. ನನಗೆ ಬಿಡುವಾಗಿ ಕರೆದುಕೊಂಡು ಹೋದರೆ ಮಾತ್ರ ಅಕ್ಕನ ಮುಖ. ತೆಲಂಗಾಣ ರಾಜ್ಯವಾದ ಮರುವರ್ಷ ನಮ್ಮ ಓಣಿಯಲ್ಲಿ ಮಧ್ಯಾಹ್ನದ ಹೊತ್ತು ಹೆಂಗಸರಿಗೆ ತೆಲುಗು ಅಕ್ಷರ ಕಲಿಸತೊಡಗಿದರು. ಐವತ್ತು ದಾಟಿದ ಇವಳೂ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಳು.

“ಬಸ್ಸಿನ ಬೋರ್ಡು ಓದಾಕ ಬಂದ್ರ ಸಾಕ್ರಿ ನನಗ.”

“ಬೋರ್ಡು ಯಾಕ? ಬಾಯಿ ಇಲ್ಲೇನು ನಿನಗ? ಕೇಳಿದ್ರಾತು.”

ಅವಳು ಪಾಟಿ ಎತ್ತಿಕೊಂಡು ಕಲಿಯಲು ಹೊರಟಳು.

ಒಂದು ಬೆಳಿಗ್ಗೆ ನೋಡಿದೆ. ರೊಟ್ಟಿ ಬಡಿಯುವ ಹಲಗೆಯ ಮೇಲೆ ಜೋಳದ ಹಿಟ್ಟು ಹರವಿ, ಬೆರಳಿನಿಂದ ‘ಗದ್ವಾಲ’ ಎಂದು ತೆಲುಗಿನಲ್ಲಿ ಬರೆಯುತ್ತಿದ್ದಳು. ರೊಟ್ಟಿ ಬಡಿದಾಗ ಅಳಿಸುತ್ತಿತ್ತು. ಹಿಟ್ಟು ಉದುರಿಸಿ ಮತ್ತೆ ಬರೆಯುತ್ತಿದ್ದಳು. ಒಂದಕ್ಷರ ಸೊಟ್ಟಗಿತ್ತು. ನಾನು ಬಾಗಿಲಿಗೆ ಹೋಗಿ ನೆರೆಯವರನ್ನು ಕೂಗಿದೆ.

“ಬರ್ರಿ, ನಮ್ಮ ಪಂಡಿತಮ್ಮ ರೊಟ್ಟಿ ಮ್ಯಾಲ ಪಾಠ ಬರದಾಳ.”

“ಯಕ್ಕಾ, ಇದನ್ನ ತಿಂದ್ರ ನಮಗೂ ಓದಾಕ ಬರ್ತೈತೇನು?” ಎಂದು ಒಬ್ಬಾಕೆ ನಕ್ಕಳು.

ಹೆಂಡತಿ ಅಂಗೈಯಿಂದ ಹಿಟ್ಟು ಸವರಿಬಿಟ್ಟಳು. ಅಂದಿನಿಂದ ಕಲಿಯಲು ಹೋಗಲಿಲ್ಲ. ಸೋಮಾರಿ ಎಂದು ನಾಲ್ಕು ಜನರೆದುರು ಹೇಳಿಕೊಂಡು ತಿರುಗಿದೆ.

ಮುಂದೊಂದು ದಿನ, ನಾನು ಅಂಗಡಿ ಕೆಲಸಕ್ಕೆ ನಾರಾಯಣಪೇಟೆಗೆ ಹೋಗಿದ್ದಾಗ, ಅಕ್ಕ ತೀರಿಕೊಂಡಳೆಂದು ಮನೆಗೆ ಫೋನು ಬಂತು. ಇವಳು ಒಬ್ಬಳೇ ಬಸ್‌ಸ್ಟ್ಯಾಂಡಿಗೆ ಹೋಗಿ, ಯಾರನ್ನೂ ಕೇಳದೆ, ನಿಂತಿದ್ದ ಬಸ್ಸು ಹತ್ತಿದಳು. ಅದು ನಾರಾಯಣಪೇಟೆಯ ಬಸ್ಸು. ಟಿಕೆಟ್ ಕೊಡಲು ಬಂದ ಕಂಡಕ್ಟರ್ ನಡುದಾರಿಯಲ್ಲಿ ಇಳಿಸಿದ. ತಿರುಗಿ ಬಂದು ಗದ್ವಾಲ್ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು.

ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನಾನು ಮಾತಿಗೆ ಮಾತು ಬೆಳೆಸಿ ಗೆಲ್ಲುತ್ತಿದ್ದೆನೇನೋ.

ಮೊನ್ನೆ ನಾನೇ ಹಲಗೆಯ ಮುಂದೆ ಕುಳಿತು ಹಿಟ್ಟು ಹರವಿದೆ. “ಬಾ, ಕಲಿಸ್ತೀನಿ. ಯಾರ್ನೂ ಕರಿಯಂಗಿಲ್ಲ, ನಗಂಗಿಲ್ಲ.”

“ಇನ್ನ ಯಾವೂರಿಗಿ ಹೋಗಬೇಕ್ರಿ ನಾನು?” ಎಂದು ಅದರ ಮೇಲೆ ಹಿಟ್ಟಿನ ಉಂಡೆ ಇಟ್ಟು ಬಡಿಯತೊಡಗಿದಳು.