ಬಸುರಿ ಕಲ್ಲಿನ ಒಳಗೆ

ಸಿರುಗುಪ್ಪದ ಎರೆಹೊಲಗಳಲ್ಲಿ ನೇಗಿಲಿಗೆ ಎಡತಾಕುವ ಸುಣ್ಣದ ಕಲ್ಲುಗಳನ್ನು ಆಯ್ದು ತಂದು ಸುಡುವುದು ನಮ್ಮ ಮನೆಯ ಕಸುಬು. ಬೆಂದ ಸುಣ್ಣ ಬಂಡಿಯಲ್ಲಿ ಬಳ್ಳಾರಿಯ ಬ್ರೂಸ್‌ಪೇಟೆಗೆ ಹೋಗುತ್ತಿತ್ತು. ನಲವತ್ತರ ದಶಕದ ಕೊನೆ. ನನಗೆ ಹನ್ನೊಂದೋ ಹನ್ನೆರಡೋ. ಸುಡುವ ಗೂಡಿಗೆ ಹಾಕುವ ಮುಂಚೆ ಅವ್ವ ಪ್ರತಿ ಕಲ್ಲನ್ನೂ ಬಡಿದು ಕಿವಿಗೊಡುತ್ತಿದ್ದಳು. ಟೊಳ್ಳು ಸದ್ದು ಬಂದರೆ ಅದು ಬಸುರಿ ಕಲ್ಲು. ಅದನ್ನು ಸುಡುವಂತಿಲ್ಲ, ಒಡೆಯುವಂತಿಲ್ಲ. ಮತ್ತೆ ಹೊಲದಲ್ಲೇ ಹೂಳಬೇಕು. ಒಳಗೆ ನೀರಿದ್ದರೆ ಬೆಂಕಿಯಲ್ಲಿ ಸಿಡಿಯುತ್ತದೆ ಎಂಬುದೇ ನಿಜವಾದ ಕಾರಣವಿರಬೇಕು. ಆದರೆ ಅವ್ವ ಹೇಳುತ್ತಿದ್ದದ್ದು ಬೇರೆ: ಅದನ್ನು ಒಡೆದ ಮನೆಯಲ್ಲಿ ಬಸುರು ನಿಲ್ಲುವುದಿಲ್ಲ.

"ಒಳಗ ಏನೈತವ್ವ?" ಎಂದರೆ, "ಬಸುರಿನ್ಯಾಗ ಕೈ ಹಾಕಿ ನೋಡ್ತಾರೇನು? ಸುಮ್ಮನ ಕಲ್ಲು ಆರಿಸು" ಎನ್ನುತ್ತಿದ್ದಳು. ನನ್ನದು ಸುಮ್ಮನಿರುವ ಜಾಯಮಾನವಲ್ಲ.

ಆ ವರ್ಷ ಅಕ್ಕ ಕುರುಗೋಡಿನ ಗಂಡನ ಮನೆಯಿಂದ ಹೆರಿಗೆಗೆ ಬಂದಿದ್ದಳು. ಮೊದಲಿನ ಎರಡು ಬಸುರು ಕಳೆದುಕೊಂಡವಳು. ಅದು ಗೊತ್ತಿದ್ದೂ, ಅವಳ ಹೆರಿಗೆಯಾದ ಮೇಲೆ ಹೂಳೋಣವೆಂದು ಅವ್ವ ಬದಿಗಿಟ್ಟಿದ್ದ ಬಸುರಿ ಕಲ್ಲನ್ನು ಒಂದು ಮಧ್ಯಾಹ್ನ ಗೂಡಿನ ಹಿಂದೆ ಒಯ್ದು ಸುತ್ತಿಗೆಯಿಂದ ಒಡೆದೆ.

ಎರಡು ಹೋಳಾಯಿತು. ಒಳಗೆ ಮರಿಕಲ್ಲೇನೂ ಇರಲಿಲ್ಲ. ಗೋಡೆ ತುಂಬ ಕಲ್ಲುಸಕ್ಕರೆಯಂಥ ಹರಳುಗಳು, ಎಲ್ಲವೂ ನಡುವಿನ ಟೊಳ್ಳಿನತ್ತ ಮೊನೆ ಚಾಚಿದ್ದವು. ನಾಲಿಗೆ ತಾಗಿಸಿದೆ, ಸಪ್ಪೆ. ಕಲ್ಲಿಗೆ ಎಲ್ಲೂ ಬಾಗಿಲಿಲ್ಲ, ಇವು ಒಳಹೊಕ್ಕದ್ದು ಹೇಗೆ? ಅದೇ ಯೋಚನೆಯಲ್ಲಿ ಎಷ್ಟೋ ಹೊತ್ತು ಕೂತಿದ್ದೆ. ಆಮೇಲೆ ಅಕ್ಕನ ಹೊಟ್ಟೆ ನೆನಪಾಯಿತು.

ಅಕ್ಕನಿಗೇ ಹೋಗಿ ಹೇಳಿ ಅತ್ತೆ. ಅವಳು ಬೈಯಲಿಲ್ಲ. ಹೋಳನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಬಚ್ಚಲ ಹಂಡೇದಾಗ ಬಿಳೀ ಹಕ್ಕಳ ಕಟ್ಟತೈತಲ್ಲ, ಹಂಗ ಇರಬೇಕು. ಮಳಿ ನೀರು ಸುಣ್ಣಾ ಕರಗಿಸ್ಕೊಂಡು ಕಲ್ಲಿನೊಳಗ ಇಳೀತೈತಿ. ನೀರು ಹೋಗತೈತಿ, ಸುಣ್ಣ ಉಳೀತೈತಿ. ಇಷ್ಟಾಗಾಕ ಎಷ್ಟ ಮಳಿಗಾಲ ಹಿಡೀತೋ" ಎಂದಳು.

ಸಾಲೆಯ ಮೆಟ್ಟಿಲು ಹತ್ತದ ಅಕ್ಕ ಹೇಳಿದ್ದು ಹೆಚ್ಚುಕಡಿಮೆ ಸರಿಯೇ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಪುಸ್ತಕ ಓದಿ.

ಕಲಸಿದ ಸುಣ್ಣ ಮೆತ್ತಿ ಹೋಳುಗಳನ್ನು ಕೂಡಿಸಿ ಕಲ್ಲನ್ನು ಇದ್ದಲ್ಲೇ ಇಟ್ಟೆವು. ಅಲ್ಲಿಂದ ಮುಂದೆ ಅಕ್ಕ ಸೊಂಟದ ಮೇಲೆ ಕೈಯಿಟ್ಟರೂ ಸಾಕು, ನನ್ನ ಜೀವ ಬಾಯಿಗೆ ಬರುತ್ತಿತ್ತು. ಕೊನೆಗೆ ಹೆಣ್ಣುಕೂಸು ಹುಟ್ಟಿತು. ಅದರ ಅಳು ಗೂಡಿನವರೆಗೂ ಕೇಳಿಸಿತು. ನಾನು ಅಲ್ಲೇ ಕೂತು ಅದಕ್ಕಿಂತ ಜೋರಾಗಿ ಅತ್ತೆ.

ತೊಟ್ಟಿಲಿಗೆ ಹಾಕಿದ ಮರುದಿನ ಅವ್ವ ಕಲ್ಲನ್ನು ಸೆರಗಿನಲ್ಲಿಟ್ಟುಕೊಂಡು ಹೊಲಕ್ಕೆ ಹೊರಟಳು. ಗುದ್ದಲಿ ಹಿಡಿದು ಹಿಂದೆ ನಾನು. ಕುಣಿಯಲ್ಲಿಡುವ ಮುಂಚೆ ರೂಢಿಯಂತೆ ಬಡಿದಳು. ಮೊದಲಿನ ಸದ್ದಿರಲಿಲ್ಲ. ಸುಣ್ಣ ಮೆತ್ತಿದ ಸಂದಿನ ಮೇಲೆ ಹೆಬ್ಬೆರಳು ಆಡಿಸಿದಳು. ಬೆನ್ನಿಗೆ ಗುದ್ದು ಬೀಳುತ್ತದೆಂದು ನಾನು ಕಣ್ಣು ಮುಚ್ಚಿಕೊಂಡೆ.

ಅವ್ವ ಅತ್ತಿತ್ತ ನೋಡಿ, ಸಣ್ಣ ದನಿಯಲ್ಲಿ ಕೇಳಿದಳು:

"ಮದುವಿ ಆಗಿ ಬಂದಾಗಿಂದ ಹೂಳಾಕತ್ತೀನಿ, ಒಂದೂ ನೋಡಿಲ್ಲ. ಒಳಗ ಹೆಂಗಿತ್ತು?"